ಸುಡದ ಬಟ್ಟೆ

ಮರಿಯಮ್ಮನಹಳ್ಳಿಯಲ್ಲಿ ಯಾರಾದರೂ ಕೆಮ್ಮಿದರೆ ಇನ್ನೊಬ್ಬರು ತಲೆ ಎತ್ತಿ ನೋಡುವುದಿಲ್ಲ. ಅದಿರಿನ ಲಾರಿ ಹೋಗುತ್ತದೆ, ಕೆಂಪು ಧೂಳು ಏಳುತ್ತದೆ, ಜನ ಕೆಮ್ಮುತ್ತಾರೆ. ಆದರೆ ಗಾದಿಲಿಂಗಪ್ಪನ ಕೆಮ್ಮು ಬೇರೆ. ಕಫವಿಲ್ಲ, ಜ್ವರವಿಲ್ಲ, ಒಣಕೆಮ್ಮು. ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕು. ನಿಂತದ್ದು ದಣಿವಿಗಲ್ಲ ಎಂಬಂತೆ ಅಂಗಡಿಯವರ ಕ್ಷೇಮಸಮಾಚಾರ ಕೇಳುತ್ತಿದ್ದ. ಹೆಂಡತಿ ದ್ಯಾಮಕ್ಕನಿಗೆ ಈ ನಾಟಕ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳ ಎದೆ ಅಳುಕುತ್ತಿತ್ತು.

ಗಾದಿಲಿಂಗಪ್ಪ ನೌಕಾಪಡೆಯಲ್ಲಿ ಹದಿನೈದು ವರ್ಷ ದುಡಿದವನು. ಹಡಗಿನ ತಳದಲ್ಲಿ, ಬಾಯ್ಲರ್ ರೂಮಿನಲ್ಲಿ ಕೆಲಸ. ಊರಿಗೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಕೆಮ್ಮಿಗೆಂದು ಮೂರು ಸಲ ಡಾಕ್ಟರ ಹತ್ತಿರ ಹೋಗಿದ್ದ. ನಮ್ಮ ಸೀಮೆಯ ಡಾಕ್ಟರು ಮೊದಲು ಕೇಳುವುದು ಒಂದೇ: "ಗಣಿಯಲ್ಲಿ ಕೆಲಸ ಮಾಡಿದ್ದೀರಾ?" "ಇಲ್ರಿ, ಗಣಿ ಮಣ್ಣು ತುಳಿದಾವನ ಅಲ್ಲ," ಎಂದು ಇವನು ಬೀಗುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಡಗಿನ ಸುದ್ದಿಯನ್ನು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಉಪಕೇಂದ್ರದ ಆರೋಗ್ಯ ಅಧಿಕಾರಿ ರಮಾ ಬಿಪಿ ನೋಡಲು ಮನೆಗೆ ಬಂದಳು. ದ್ಯಾಮಕ್ಕ ರೊಟ್ಟಿಯ ಹಂಚು ಇಳಿಸುತ್ತಿದ್ದಳು. ಅವಳ ಕೈಯಲ್ಲಿ ದಪ್ಪನೆಯ ಬಿಳಿ ಬಟ್ಟೆಯ ತುಂಡು.

"ಇದೆಂಥ ಬಟ್ಟಿ ದೊಡ್ಡಮ್ಮ? ಕೈ ಸುಡಂಗಿಲ್ಲೇನು?"

ಗಾದಿಲಿಂಗಪ್ಪನಿಗೆ ಇಷ್ಟು ಸಾಕಿತ್ತು. ಮನೆಗೆ ಯಾರು ಬಂದರೂ ತೋರಿಸುವ ಆಟ ಅದು. ಬಟ್ಟೆಯನ್ನು ಒಲೆಯ ಕೆಂಡಕ್ಕೆ ಎಸೆದ. ಇಕ್ಕಳದಲ್ಲಿ ಎತ್ತಿ ಪಟಪಟ ಜಾಡಿಸಿದ.

"ನೋಡವ್ವ, ಒಂದು ದಾರ ಸುಟ್ಟಿಲ್ಲ. ಹಡಗಿನ ಮಾಲು ಇದು. ಉಗಿ ಪೈಪಿಗೆ ಸುತ್ತತಿದ್ವಿ. ಮನಿಗೆ ಬರಬೇಕಾದ್ರ ಒಂದು ತುಂಡು ತಂದಿದ್ದೆ."

ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಬಿಳಿ ಎಳೆಗಳು ತೇಲಿದವು. ದ್ಯಾಮಕ್ಕ ಅವನ್ನು ಎಷ್ಟೋ ಸಲ ನೋಡಿದ್ದಳು, ರೊಟ್ಟಿ ಹಿಟ್ಟು ಎಂದುಕೊಂಡಿದ್ದಳು. ರಮಾ ಮಾತ್ರ ವೇಲಿನಿಂದ ಮೂಗು ಮುಚ್ಚಿಕೊಂಡಳು.

"ದೊಡ್ಡಪ್ಪ, ಜಾಡಿಸಬ್ಯಾಡ್ರಿ. ಮೆಲ್ಲಕ ಕೆಳಗ ಇಡ್ರಿ. ಇಬ್ರೂ ಹೊರಗ ಬರ್ರಿ."

ಅವಳ ದನಿ ಕೇಳಿ ದ್ಯಾಮಕ್ಕ ಹಂಚನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

ಕಟ್ಟೆಯ ಮೇಲೆ ಕೂತು ರಮಾ ಹೇಳಿದಳು, "ಇದು ಕಲ್ನಾರು ಇದ್ದಂಗ ಐತಿ. ಆಸ್ಬೆಸ್ಟಾಸ್ ಅಂತಾರಲ್ಲ, ಅದು. ಇದರ ಎಳಿ ಕೂದಲಕ್ಕಿಂತ ಭಾಳ ಸಣ್ಣವು. ಉಸಿರಿನಾಗ ಒಳಗ ಹೋದ್ರ ಕರಗಂಗಿಲ್ಲ. ಇಪ್ಪತ್ತು, ನಲವತ್ತು ವರ್ಷ ಸುಮ್ನ ಕುಂತಿದ್ದು ಆಮ್ಯಾಲ ಶ್ವಾಸಕೋಶ ಹಾಳು ಮಾಡ್ತಾವ. ಕೆಲವ್ರಿಗೆ ಕ್ಯಾನ್ಸರೂ ಆಗ್ತೈತಿ."

"ಯಾವ ಕಾಲದ ಧೂಳು ಈಗ ಕೆಮ್ಮು ತರ್ತೈತೇನು? ಹಂಗಿದ್ರ ನಾ ಅವಾಗ್ಲೇ ಸಾಯಬೇಕಿತ್ತು."

"ಜಲ್ದಿ ಕಾಣಂಗಿಲ್ಲ, ಅದ ಅದರ ಕೆಟ್ಟ ಗುಣ, ದೊಡ್ಡಪ್ಪ."

"ನೇವಿ ನಂಗ ಅನ್ನ ಹಾಕೇತಿ. ಅದರ ಮ್ಯಾಲ ತಪ್ಪು ಹೊರಸಂಗಿಲ್ಲ ನಾನು."

"ತಪ್ಪು ಹೊರಸ್ರಿ ಅಂತ ಯಾರು ಹೇಳಿದ್ರು? ಅವಾಗ ಭಾಳ ದೇಶದ ಹಡಗಿನಾಗ ಇದ್ನ ಬಳಸ್ತಿದ್ರು. ಡಾಕ್ಟರ ಮುಂದ ನಿಮ್ಮ ಕೆಲಸ ಏನಿತ್ತು ಅಂತ ಹೇಳ್ರಿ, ಅಷ್ಟ."

ಗಾದಿಲಿಂಗಪ್ಪ ಬೀಡಿ ಹಚ್ಚಿಕೊಂಡು ಎದ್ದು ಹೋದ. ರಮಾ ಮಾಸ್ಕು ಹಾಕಿಕೊಂಡು ಬಟ್ಟೆಯ ಮೇಲೆ ನೀರು ಚಿಮುಕಿಸಿ ನೆನೆಸಿದಳು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಇಟ್ಟು ಬಾಯಿ ಬಿಗಿದಳು. ನೆಲವನ್ನು ಗುಡಿಸಲು ಬಿಡಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿಸಿದಳು. "ಇದ್ನ ಕಸದ ಗಾಡಿಗೆ ಹಾಕಬ್ಯಾಡ್ರಿ. ಎಲ್ಲಿ ಕೊಡಬೇಕಂತ ಕೇಳಿ ಹೇಳ್ತೀನಿ," ಎಂದು ಹೋದಳು.

ನಾಲ್ಕು ದಿನ ಗಾದಿಲಿಂಗಪ್ಪ ಆಸ್ಪತ್ರೆಯ ಮಾತೆತ್ತಲಿಲ್ಲ. ಮಧ್ಯಾಹ್ನ ಅವನು ಮಲಗಿದಾಗ ದ್ಯಾಮಕ್ಕ ಪಕ್ಕದಲ್ಲಿ ಕೂತು ಅವನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಇಳಿದದ್ದು ಮತ್ತೆ ಏರುವ ತನಕ ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ಗೋಡೆಯ ಮೇಲೊಂದು ಫೋಟೊ ಇತ್ತು. ಬಾಯ್ಲರಿನ ಮುಂದೆ ಇವನೂ ವಿಶಾಖಪಟ್ಟಣದ ಗೆಳೆಯ ಅಪ್ಪಲರಾಜುವೂ ಹೆಗಲ ಮೇಲೆ ಕೈ ಹಾಕಿ ನಿಂತದ್ದು. ಐದನೆಯ ದಿನ ಅವಳು ಗಂಡನ ಫೋನಿನಲ್ಲಿ ಅಪ್ಪಲರಾಜುವಿನ ನಂಬರು ಹುಡುಕಿ ಹಚ್ಚಿದಳು.

ಎತ್ತಿದ್ದು ಅವನ ಹೆಂಡತಿ. ದ್ಯಾಮಕ್ಕ ತೆಲುಗಿನಲ್ಲಿ ಎರಡು ಮಾತಾಡಿದವಳು ಸ್ಪೀಕರ್ ಹಾಕಿ ಫೋನನ್ನು ಗಂಡನ ಮುಂದೆ ಇಟ್ಟಳು. ಅಪ್ಪಲರಾಜು ತೀರಿಕೊಂಡು ಎರಡು ವರ್ಷವಾಗಿತ್ತು. ಶ್ವಾಸಕೋಶದ ಕ್ಯಾನ್ಸರ್. ಅವನಿಗೂ ಒಣಕೆಮ್ಮಿನಿಂದಲೇ ಶುರುವಾಗಿತ್ತಂತೆ. ಹಡಗಿನ ಕೆಲಸದ ವಿಷಯ ಡಾಕ್ಟರಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು ಎಂದು ಆಕೆ ಅತ್ತಳು.

ಗಾದಿಲಿಂಗಪ್ಪ ಗೋಡೆಯ ಫೋಟೊ ನೋಡಿದ. ಜೇಬಿನ ಬೀಡಿ ಕಟ್ಟು ತೆಗೆದು ಒಲೆಗೆ ಹಾಕಿದ.

"ಬಳ್ಳಾರಿ ಬಸ್ಸು ಎಷ್ಟೊತ್ತಿಗೆ ಐತಿ?" ಎಂದ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಅವನು ಹೇಳಿದ, "ಹಡಗಿನ ಬಾಯ್ಲರ್ ರೂಮು ಸರ್, ಹದಿನೈದು ವರ್ಷ. ಕಲ್ನಾರಿನ ಬಟ್ಟಿ ಕತ್ತರಿಸಿ ಪೈಪಿಗೆ ಸುತ್ತತಿದ್ವಿ." ಎಕ್ಸ್‌ರೇ ಆಯಿತು, ಉಸಿರು ಊದುವ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಡಾಕ್ಟರು ಚಿತ್ರ ಹಿಡಿದು ತೋರಿಸಿದರು.

"ಶ್ವಾಸಕೋಶದ ಕೆಳಗಡೆ ಕಲ್ನಾರಿನ ಧೂಳಿನಿಂದ ಆದ ಗಾಯದ ಕಲೆ ಇದೆ ನೋಡಿ. ಇದನ್ನು ಅಳಿಸೋಕೆ ಆಗಲ್ಲ. ಆದರೆ ಕ್ಯಾನ್ಸರಿನ ಗುರುತು ಸದ್ಯ ಕಾಣಿಸ್ತಿಲ್ಲ. ಬೀಡಿ ಮುಟ್ಟಬೇಡಿ, ಮುಟ್ಟಿದರೆ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತೆ. ನ್ಯುಮೋನಿಯಾ ಲಸಿಕೆ ಹಾಕಿಸ್ಕೊಳ್ಳಿ. ಕರೆದಾಗ ತಪ್ಪದೆ ಬನ್ನಿ."

ದ್ಯಾಮಕ್ಕನ ಎದೆಯ ಭಾರ ಒಂದಿಷ್ಟು ಇಳಿಯಿತು. ಅಷ್ಟರಲ್ಲಿ ಡಾಕ್ಟರು ಅವಳ ಕಡೆ ತಿರುಗಿದರು.

"ಹಡಗಿನ ಕೆಲಸದಲ್ಲಿದ್ದಾಗ ಇವರ ಬಟ್ಟೆ ಯಾರು ಒಗೀತಿದ್ರು?"

"ನಾನ ರೀ. ವಿಶಾಖಪಟ್ಟಣದಾಗ ಮನಿ ಮಾಡಿದ್ವಿ, ಹಡಗು ಬಂದರಿನಾಗ ನಿಂತಾಗ ದಿನಾ ಸಂಜಿಕ ಬಿಳಿ ಧೂಳು ಮೆತ್ತಿಕೊಂಡು ಬರೋರು. ನೆನಸೋಕಿಂತ ಮೊದಲು ಎರಡು ಸಲ ಚೆಂದಂಗ ಜಾಡಿಸ್ತಿದ್ದೆ. ತಲಿಗೆಲ್ಲಾ ಹತ್ತತಿತ್ತು. ಇಷ್ಟು ಬೇಗ ಮುದುಕಿ ಆದೆಲ್ಲ ಅಂತ ಇವರು ನಗತಿದ್ರು..."

ಹೇಳುತ್ತಾ ಹೇಳುತ್ತಾ ಅವಳಿಗೆ ಅರ್ಥವಾಯಿತು. ಡಾಕ್ಟರು ಅವಳ ಹೆಸರಿಗೂ ಒಂದು ಎಕ್ಸ್‌ರೇ ಚೀಟಿ ಬರೆದರು. ಗಾದಿಲಿಂಗಪ್ಪ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ.

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೊರಳಿನದನ್ನು ತೆಗೆದಿಡಲು ಹೇಳಿದರು. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ತೆಗೆಯದ ತಾಳಿಯನ್ನು ದ್ಯಾಮಕ್ಕ ತೆಗೆದು ಗಂಡನ ಅಂಗೈಯಲ್ಲಿ ಇಟ್ಟಳು. ಒಳಗೆ ಹೋದಳು, ಬಾಗಿಲು ಮುಚ್ಚಿತು. ಗಾದಿಲಿಂಗಪ್ಪ ಮುಷ್ಟಿ ಬಿಗಿಹಿಡಿದು ಬಾಗಿಲ ಮುಂದೆಯೇ ನಿಂತಿದ್ದ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಹಡಗಿನ ಯಂತ್ರದ ಕೋಣೆಯಲ್ಲಿ ದುಡಿದವರು ಇದ್ದಾರೆಯೇ? ಬಾಯ್ಲರಿಗೆ, ಪೈಪಿಗೆ ಕಲ್ನಾರು ಸುತ್ತಿದವರು, ಬಿಚ್ಚಿದವರು ಇದ್ದಾರೆಯೇ? ಎಷ್ಟೇ ವರ್ಷ ಕಳೆದಿರಲಿ, ಡಾಕ್ಟರು ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿ. ಅಂಥ ಬಟ್ಟೆ, ಹಗ್ಗ ಮನೆಯಲ್ಲಿದ್ದರೆ ಜಾಡಿಸಬೇಡಿ, ಕತ್ತರಿಸಬೇಡಿ, ಆರೋಗ್ಯ ಕೇಂದ್ರದವರನ್ನು ಕೇಳಿ. ಆಸ್ಪತ್ರೆಗೆ ಹೋಗುವಾಗ ಅವರ ಬಟ್ಟೆ ಒಗೆದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.