ಚೀಟಿಯ ಕೆಳಗಿನ ಊರು

"ಕೈ ತೆಗಿ. ತೆಗಿ ಅಂದ್ನಲ್ಲ, ಕಿವಿ ಕೇಳಲ್ವಾ? ಅದು ನಕ್ಷೆ, ನಿಮ್ಮನೇಲಿ ರೊಟ್ಟಿ ತಟ್ಟೋ ಹಲಗೆ ಅಲ್ಲ."

ಕೂಕಾ ಕೈ ತೆಗೆದಳು. ತೆಗೆದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ತನ್ನ ಕೈಯ ಕೊಳೆ ನಕ್ಷೆಗೆ ಹತ್ತೀತೆಂದು ಒರೆಸಿದಳೋ, ನಕ್ಷೆಯ ಕೊಳೆ ಕೈಗೆ ಹತ್ತಿತೆಂದು ಒರೆಸಿದಳೋ ಬೈದವನಿಗೆ ತಿಳಿಯಲಿಲ್ಲ. ಹಾಗೆ ತಿಳಿಯದಂತೆ ಒರೆಸುವುದನ್ನು ಅವಳು ನಲವತ್ತು ವರ್ಷದ ಚಾಕರಿಯಲ್ಲಿ ಕಲಿತಿದ್ದಳು.

ಬೈದವನು ಪ್ರೂವಿಟ್, ಕಾಲ್ಡರ್ ವೆಲ್ಸ್ ಪಟ್ಟಣದ ಇತಿಹಾಸ ಮಂದಿರದ ಯಜಮಾನ. ಅರಿಜೋನಾದ ಜುಲೈ ಬಿಸಿಲಲ್ಲೂ ಟೈ ಬಿಚ್ಚದ ಆಸಾಮಿ. ಕೂಕಾ ವಾರಕ್ಕೆ ಮೂರು ಬೆಳಗ್ಗೆ ಅವನ ಮಂದಿರದ ನೆಲ ಒರೆಸುತ್ತಿದ್ದಳು. ಮಿಕ್ಕ ದಿನ ಗಾಲ್ಫ್ ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಸಾಮಿ, ಇಲ್ಲಿ ಎಲ್ಡು ಪದ್ರ ಐತೆ," ಎಂದಳು.

"ಏನು?"

"ಕಾಗದದ ಮ್ಯಾಲೆ ಕಾಗದ ಅಂಟ್ಸವ್ರೆ. ಅಂಚು ಬೆರಳಿಗೆ ಸಿಕ್ತು. ತ್ಯಾಪೆ ಹಾಕಿದ್ ಬಟ್ಟೆ ನಂಗೆ ಕಣ್ಮುಚ್ಕಂಡ್ರೂ ಗೊತ್ತಾಯ್ತದೆ."

ಪ್ರೂವಿಟ್ ಅವಳನ್ನೊಮ್ಮೆ, ನಕ್ಷೆಯನ್ನೊಮ್ಮೆ ನೋಡಿದ. "ನೋಡು, ನಿನ್ನ ಕೆಲಸ ನೆಲ. ನನ್ನ ಕೆಲಸ ಕಾಗದ. ನೀನು ನೆಲ ನೋಡ್ಕೊಂಡಿದ್ರೆ ಇಬ್ಬರಿಗೂ ಕ್ಷೇಮ." ಹೇಳಿ, ನಕ್ಷೆಯ ಮೇಜಿನ ಸುತ್ತ ಹಗ್ಗ ಕಟ್ಟಿಸಿ, ಮುಟ್ಟಬಾರದು ಎಂದು ಒಂದು ಹಲಗೆ ತೂಗುಹಾಕಿದ.

ಅದು ಬೆಂಕಿ ವಿಮೆ ಕಂಪನಿಯವರು ಸಾವಿರದ ಎಂಟುನೂರ ತೊಂಬತ್ತೊಂಬತ್ತರಲ್ಲಿ ಬರೆಸಿದ ನಕ್ಷೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ರೈಲ್ವೆ ಸ್ಟೇಷನ್ ಇತ್ತು, ತಾಮ್ರದ ಅದಿರಿನ ಕೊಟ್ಟಿಗೆಗಳಿದ್ದವು, ಎರಡು ಹೆಂಡದಂಗಡಿ, ಕೊನೆಗೆ ಹೇಸರಗತ್ತೆ ಕಟ್ಟುವ ದೊಡ್ಡಿಯೂ ಇತ್ತು. ರೈಲು ಹಳಿಯ ಪೂರ್ವಕ್ಕೆ ಮಾತ್ರ ಬರೀ ಬಿಳಿ ಕಾಗದ. ಆ ಬಿಳಿ ಕಾಗದದಲ್ಲೇ ಕೂಕಾ ಹುಟ್ಟಿದ್ದು, ಮದುವೆಯಾದದ್ದು, ಮೂರು ಮಕ್ಕಳನ್ನು ಹೆತ್ತದ್ದು. ಅಲ್ಲಿಯವರು ತಮ್ಮ ಕೇರಿಯನ್ನು ಎಲ್ ಪೋಸೋ ಎನ್ನುತ್ತಿದ್ದರು, ಅಂದರೆ ಬಾವಿ.

ಈಗ ಆ ಜಾಗ ಹೋಟೆಲಿಗೆ ಬೇಕಾಗಿತ್ತು, ಕಾರು ನಿಲ್ಲಿಸಲು. ಸ್ಟೇಷನ್ನು, ಹೆಂಡದಂಗಡಿ ಅದಕ್ಕೂ ಮೊದಲೇ ಇದ್ದರೂ, ಕಾಲ್ಡರ್ ಎಂಬ ಪುಣ್ಯಾತ್ಮ ಸಾವಿರದ ಒಂಬೈನೂರ ನಾಲ್ಕರಲ್ಲಿ ಪಟ್ಟಣ ಕಟ್ಟಿದನಂತೆ. ಅವನು ಬರುವುದಕ್ಕೆ ಮುಂಚಿನಿಂದ ಮನೆಯಿದ್ದವರಿಗೆ ಮಾತ್ರ ಜಾಗದ ಹಕ್ಕು, ಆಮೇಲೆ ಬಂದು ಗುಡಿಸಲು ಹಾಕಿದವರು ಎದ್ದು ಹೋಗಬೇಕು. ಇದು ಪಟ್ಟಣ ಸಭೆಯ ಕಾನೂನು. ಗುರುವಾರ ವಿಚಾರಣೆ. ಊರು ಬದಲಾದ ಬಗೆಯನ್ನು ಹಳೇ ನಕ್ಷೆಗಳಿಂದ ಅಭ್ಯಾಸ ಮಾಡಿದ ಪಂಡಿತ ಪ್ರೂವಿಟ್ಟೇ ಸಾಕ್ಷಿ. ನಲವತ್ತು ಮನೆಯವರ ಹಣೆಬರಹ ಆ ಬಿಳಿ ಕಾಗದದಲ್ಲಿತ್ತು.

ಮಧ್ಯಾಹ್ನ ಎಲ್ ಪೋಸೋದ ಜಾಲಿಮರದ ಕೆಳಗೆ ಹೆಂಗಸರು ರೊಟ್ಟಿ ಮಾಡುತ್ತಿದ್ದರು. ಮೈದಾ ಹಿಟ್ಟಿನ ರೊಟ್ಟಿಯನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಎಸೆದು ಎಸೆದು, ಮೊಣಕೈ ದಾಟುವಷ್ಟು ಅಗಲ ಮಾಡುವುದು ಅಲ್ಲಿಯ ರೂಢಿ. ಕೂಕಾ ಬಂದು ರವಿಕೆಯ ತೋಳು ಮಡಿಸಿ, ಹಿಟ್ಟಿನ ಉಂಡೆಯೊಂದನ್ನು ಎಳೆದುಕೊಂಡು ಅವರ ನಡುವೆ ಕೂತಳು. ಕಂಡದ್ದನ್ನು ಹೇಳಿದಳು. ಪ್ರೂವಿಟ್ ಅಂದದ್ದನ್ನು ಅವನ ಮೂಗಿನ ದನಿಯಲ್ಲೇ ಅಂದು ತೋರಿಸಿದಳು.

"ಖಾಲಿ ಜಾಗ್ದಲ್ಲಿ ಹುಟ್ಟಿದೋಳು ನೀನು," ಎಂದ ತೇಯೋ. ಕೂಕಾಳ ಮಗನನ್ನು ಇಗರ್ಜಿಯಲ್ಲಿ ಎತ್ತಿಕೊಂಡು ಹೆಸರಿಟ್ಟವನು ಅವನು. ಮೊದಲು ಬಾವಿ ತೋಡುತ್ತಿದ್ದ, ಈಗ ಗಾಲ್ಫ್ ಹುಲ್ಲಿಗೆ ನೀರು ಬಿಡುತ್ತಾನೆ. "ಅದ್ಕೇ ನಿನ್ ತಲೆನೂ ಖಾಲಿ ಐತೆ."

"ನಿನ್ ತಲೆಗೆ ಕಂಪ್ನಿಯೋರು ಯಾವ್ ಬಣ್ಣ ಬಳೀತಿದ್ರು ಗೊತ್ತೇನೋ ಅಣ್ಣ? ಹಳ್ದಿ. ಮರ."

ಎಲ್ಲರೂ ನಕ್ಕರು. ಮರಕ್ಕೆ ಒರಗಿ ತೂಕಡಿಸುತ್ತಿದ್ದ ಚೋನಾ ದೊಡ್ಡವ್ವ ಮಾತ್ರ ನಗಲಿಲ್ಲ. ಎಂಬತ್ತನಾಲ್ಕರ ಮುದುಕಿ, ಹಲ್ಲಿರಲಿಲ್ಲ, ನೆನಪು ಮಾತ್ರ ಒಂದೂ ಉದುರಿರಲಿಲ್ಲ.

"ಕೊಡೆ ಹಿಡ್ಕಂಡ್ ಬತ್ತಿದ್ದ," ಎಂದಳು.

"ಯಾರು ದೊಡ್ಡವ್ವ?"

"ನಕ್ಸೆ ಬರ್ಯೋನು. ನಂಗಾಗ ಹನ್ನೆಲ್ಡು. ನಮ್ಮವ್ವನ್ ರೊಟ್ಟಿ ಒಲೆ ನೋಡಿ, ಇದ್ರಿಂದ ಊರಿಗೆ ಬೆಂಕಿ ಬೀಳ್ತದಾ ಅಂತ ಕೇಳ್ದ. ನಮ್ಮವ್ವ, ಬೆಂಕಿ ಬಿದ್ರೆ ಮೊದ್ಲು ನಿನ್ ಮೀಸೆಗೆ ಬೀಳ್ಲಿ ಅಂದ್ಲು. ನಾಕೈದು ವರ್ಸಕ್ಕೊಂದ್ಸಲ ಬತ್ತಿದ್ದ. ಹೊಸ್ದಾಗಿ ಬರೀತಿರ್ಲಿಲ್ಲ ಕಣೇ. ಮನೆ ಎದ್ರೆ ಮ್ಯಾಲೊಂದು ಚೀಟಿ, ಮನೆ ಬಿದ್ರೆ ಮ್ಯಾಲೊಂದು ಚೀಟಿ. ಬ್ರಶ್ಶು ಗೋಂದು ಜೊತೇಲೇ ಇರ್ತಿತ್ತು. ಒಂದಪ ಗೋಂದು ಮುಗ್ದೋಗಿ ನಮ್ಮನೆ ಮೈದಾಹಿಟ್ಟೇ ಇಸ್ಕಂಡು ಕುದುಸ್ಕಂಡ."

ಕೂಕಾಳ ಕೈ ರೊಟ್ಟಿಯ ಮೇಲೆ ನಿಂತಿತು. "ಹಂಗಾರೆ ನಮ್ಮ್ ಮ್ಯಾಲಿನ್ ಚೀಟಿ ಯಾವಾಗ್ಲೆದು?"

"ಮೂವತ್ತೊಂದ್ರುದು, ಇನ್ಯಾವಾಗ್ಲೆದು. ನಮ್ಮನ್ನೆಲ್ಲ ಮೆಕ್ಸಿಕೋದೋರು ಅಂತ ರೈಲಿಗೆ ತುಂಬಿ ಗಡಿಯಾಚೆ ಎಸುದ್ರಲ್ಲ ಸೂಳೇಮಕ್ಳು, ಆವಾಗ. ನಾವು ಎಲ್ಡು ವರ್ಸಕ್ಕೆ ನಡ್ಕಂಡೇ ವಾಪಸ್ ಬಂದೋ. ಮನೆ ಗೋಡೆ ಹಂಗೇ ನಿಂತಿದ್ವು. ಕಾಗ್ದುದಲ್ಲಿ ಮಾತ್ರ ನಾವ್ ವಾಪಸ್ ಬರ್ನೇ ಇಲ್ಲ ಅಂತ ಕಾಣ್ತದೆ."

ಹಂಚಿನ ಮೇಲಿದ್ದ ರೊಟ್ಟಿ ಸೀಯಿತು.

"ಮೈದಾ ಗೋಂದಿಗೆ ಹಬೆ ತಾಕಿದ್ರೆ ಬಿಟ್ಕತದೆ," ಎಂದಳು ಕೂಕಾ ನಿಧಾನವಾಗಿ. "ಒದ್ದೆ ಬಟ್ಟೆ, ಬಿಸಿ ಇಸ್ತ್ರಿ, ಇಪ್ಪತ್ತು ಎಣ್ಸಾಗಂಟ. ಹೋಟೆಲ್ನಾಗೆ ಕಾಲರಿನ್ ಒಳಪಟ್ಟಿ ಹಂಗೇ ಬಿಡುಸ್ತೀನಿ ನಾನು."

"ಸುಮ್ಕಿದ್ರೆ ಶುಕ್ರವಾರ್ದ್ ಹೊತ್ತಿಗೆ ಕಾರ್ ನಿಂತ್ಬುಡ್ತವೆ," ಎಂದ ತೇಯೋ. "ನಾಳೆ ಬೆಳಿಗ್ಗೆ ನೆಲ ಒರ್ಸಕ್ಕೆ ಹೋಯ್ತೀಯಲ್ಲ, ಆವಾಗ್ಲೇ ಕಿತ್ತಾಕು."

"ಕಿತ್ತಾಕಿದ್ರೆ, ರಾತ್ರೋರಾತ್ರಿ ನಾವೇ ಕೂತ್ಕಂಡ್ ಮನೆ ಬರ್ದೋ ಅಂತಾರೆ ಮುಂಡೇವು," ಎಂದಳು ಚೋನಾ. "ಕೀಳೋದಾದ್ರೆ ಎಲ್ರ ಕಣ್ಮುಂದೆ ಕೀಳು."

"ಕೆಳ್ಗೂ ಖಾಲಿ ಇದ್ರೆ ದೊಡ್ಡವ್ವ?"

ಕೇಳಿದವಳು ಕೂಕಾ. ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು. ಕೆಳಗೂ ಬಿಳಿ ಕಾಗದವಿದ್ದರೆ ಪ್ರೂವಿಟ್ಟನ ಕೆಲಸವನ್ನು ತಾನೇ ಮಾಡಿಕೊಟ್ಟ ಹಾಗೆ. ನಲವತ್ತು ಮನೆಯವರ ಮುಂದೆ, ಸ್ವಂತ ಕೈಯಿಂದ.

ಮುದುಕಿ ಬೊಚ್ಚುಬಾಯಿ ಬಿಟ್ಟು ಮೊದಲ ಸಲ ನಕ್ಕಳು. "ಅವ್ನು ನಮ್ಮವ್ವನ್ ಕೈಯಾಗೆ ಆರು ರೊಟ್ಟಿ ತಿಂದವ್ನೆ ಕಣೇ. ಆರು. ತಿಂದೋನು ಮರೀತಾನಾ?"

ಗುರುವಾರ ಪಟ್ಟಣ ಸಭೆಯ ಹಾಲಿನಲ್ಲಿ ಎಲ್ ಪೋಸೋದವರು ಹಿಂದಿನ ಗೋಡೆಗೆ ಒರಗಿ ನಿಂತರು. ಮುಂದೆ ಐವತ್ತು ಕುರ್ಚಿ ಹಾಕಿದ್ದರು, ಹೆಚ್ಚಿನವು ಖಾಲಿ. ಅವು ಹೋಟೆಲಿನ ಅತಿಥಿಗಳಿಗೆ ಮೀಸಲು, ಬಂದಿದ್ದವರು ಹನ್ನೊಂದೇ ಮಂದಿ. ಸಾಕ್ಷಿಗೆಂದು ನಕ್ಷೆಯ ಮೇಜನ್ನು ಹಗ್ಗ, ಹಲಗೆ ಸಮೇತ ಮಂದಿರದಿಂದ ತಂದಿಟ್ಟಿದ್ದರು. ಅಧ್ಯಕ್ಷ ಲೇಥ್ರಪ್ ಮೇಲಿನ ಕುರ್ಚಿಯಲ್ಲಿದ್ದ. ಅವನ ಮಗಳನ್ನು ಹೋಟೆಲಿನವರ ಮನೆಗೇ ಕೊಟ್ಟಿತ್ತು, ಅಂದಮೇಲೆ ನ್ಯಾಯ ಯಾವ ಕಡೆಗೆ ವಾಲುತ್ತದೆಂದು ಯಾರಿಗೂ ಅನುಮಾನವಿರಲಿಲ್ಲ.

ಕೂಕಾ ಕಾಫಿ ಕೊಡುತ್ತಿದ್ದಳು. ಸಭೆ ನಡೆದಾಗಲೆಲ್ಲ ಕಾಫಿ ಕೊಡುವುದು ಅವಳ ಪಾಲಿನ ಬಿಟ್ಟಿ ಕೆಲಸ. ಅವಳ ಬುಟ್ಟಿಯ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

"ಏನದು ಬುಟ್ಟೀಲಿ?" ಎಂದು ಲೇಥ್ರಪ್ ಕೇಳಿದ.

"ಬಿಸಿ ಬಿಸಿ ಐತೆ ಸಾಮಿ. ಆಮೇಕೆ ಕೊಡ್ತೀನಿ."

ಪರದೆ ಎಳೆದು ಹಾಲು ಕತ್ತಲು ಮಾಡಿದರು. ಪ್ರೂವಿಟ್ ಗೋಡೆಯ ಮೇಲೆ ಒಂದೊಂದೇ ಚಿತ್ರ ಬಿಟ್ಟು ಉಪನ್ಯಾಸ ಶುರುಮಾಡಿದ. ಮರುಭೂಮಿಯ ಒಂದು ಊರು ಹೇಗೆ ಬೆಳೆಯುತ್ತದೆ, ನಕ್ಷೆ ಹೇಗೆ ಸುಳ್ಳು ಹೇಳುವುದಿಲ್ಲ, ಇತ್ಯಾದಿ. "ಕಾಲ್ಡರ್ ಮಹಾಶಯರು ಇಲ್ಲಿಗೆ ಬಂದು ನೀರು ಕಂಡುಹಿಡಿದಾಗ ಹಳಿಯ ಪೂರ್ವಕ್ಕೆ ಇದ್ದದ್ದು ಮರಳು ಮತ್ತು ಹಾವು, ಅಷ್ಟೇ."

"ನಮ್ಮಜ್ಜ ತೋಡಿದ್ ಬಾವೀನ ಅವ್ನು ಕಂಡಿಡ್ದ," ಎಂದ ತೇಯೋ ಗೋಡೆಯ ಬಳಿಯಿಂದ. "ಬಗ್ಗಿ ನೋಡ್ದ, ಕಾಣುಸ್ತು."

ಹಿಂದಿನ ಗೋಡೆಯಿಡೀ ನಕ್ಕಿತು. ಲೇಥ್ರಪ್ ಮೇಜು ಬಡಿದ. "ಬಾಯಿ ಮುಚ್ಕೊಂಡು ನಿಲ್ಲೋದಾದ್ರೆ ನಿಲ್ಲಿ. ಇಲ್ದಿದ್ರೆ ನಿಮ್ಮ ಕೊಟ್ಟಿಗೆಗೆ ಹೋಗಿ. ಒಳಗೆ ಬಿಟ್ಟಿರೋದೇ ಹೆಚ್ಚು."

ನಗು ನಿಂತಿತು. ಚೋನಾ ದೊಡ್ಡವ್ವ ಗಂಟಲು ಸರಿಮಾಡಿಕೊಂಡು, ಉಗುಳಲು ಜಾಗ ಹುಡುಕಿ, ಹಾಲಿನ ನೆಲ ಮರುದಿನ ಒರೆಸುವವಳು ಕೂಕಾಳೇ ಎಂದು ನೆನಪಾಗಿ ನುಂಗಿಕೊಂಡಳು.

ಕೂಕಾ ಬಾಗಿಲಲ್ಲಿದ್ದ ಪೋಲೀಸಿನವನ ಬಳಿ ಹೋದಳು. ಬಲಗೈಗೆ ಒಂದು ಲೋಟ ಕಾಫಿ ಕೊಟ್ಟಳು. ಎಡಗೈಗೂ ಒಂದು ಕೊಟ್ಟಳು. "ಬಿಸಿ ಐತೆ, ಚೆಲ್ಕಬ್ಯಾಡಪ್ಪ," ಎಂದಳು. ಅಲ್ಲಿಂದ ನೇರವಾಗಿ ನಕ್ಷೆಯ ಮೇಜಿಗೆ ಬಂದು, ಹಗ್ಗ ದಾಟಿ, ಚಿತ್ರದ ಯಂತ್ರದ ವೈರು ಕಿತ್ತು, ಬುಟ್ಟಿಯಿಂದ ಇಸ್ತ್ರಿಪೆಟ್ಟಿಗೆ ತೆಗೆದು ಅದರ ವೈರು ಸಿಕ್ಕಿಸಿದಳು.

ಗೋಡೆಯ ಮೇಲಿದ್ದ ಕಾಲ್ಡರ್ ಮಹಾಶಯ ಮಾಯವಾದ. ಕತ್ತಲಲ್ಲಿ ಪ್ರೂವಿಟ್ ಯಂತ್ರವನ್ನು ತಟ್ಟಿದ, ಕುಟ್ಟಿದ, ಅದರ ಹಿಂಭಾಗವನ್ನೆಲ್ಲ ತಡವಿದ. ಅಷ್ಟರಲ್ಲಿ ಎಲ್ ಪೋಸೋದ ಹೆಂಗಸರು ಒಬ್ಬೊಬ್ಬರೇ ಬಂದು ಮೇಜಿನ ಸುತ್ತ ನಿಂತುಬಿಟ್ಟಿದ್ದರು. ರೊಟ್ಟಿ ಎಸೆದು ಗಟ್ಟಿಯಾದ ತೋಳುಗಳು. ತೇಯೋ ಪರದೆ ಎಳೆದ. ಬಿಸಿಲು ಧಡಾರನೆ ಒಳಗೆ ಬಂತು.

"ಏ. ಏ, ಏನ್ಮಾಡ್ತಿದ್ದೀಯಾ?" ಪ್ರೂವಿಟ್ಟನ ದನಿ ಕೀರಲಾಯಿತು. "ಅದು ಎಪ್ಪತ್ತು ವರ್ಷದ ನಕ್ಷೆ. ಪೋಲೀಸ್, ಹಿಡ್ಕೊಳ್ಳಿ ಇವಳನ್ನ."

ಪೋಲೀಸಿನವನು ಎರಡು ಲೋಟ ಎಲ್ಲಿಡುವುದೆಂದು ಅತ್ತಿತ್ತ ನೋಡಿದ. ಹತ್ತಿರದಲ್ಲಿ ಮೇಜಿರಲಿಲ್ಲ. ಒಂದನ್ನು ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡ.

ಕೂಕಾ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಬೆರಳಲ್ಲಿ ಉಗುಳು ತಾಕಿಸಿದಳು. ಚುರ್ ಎಂದಿತು. ಒದ್ದೆ ಬಟ್ಟೆಯನ್ನು ಬಿಳಿ ಕಾಗದದ ಮೇಲೆ ಹಾಸಿ ಇಸ್ತ್ರಿ ಇಟ್ಟಳು. ಹಬೆ ಎದ್ದಿತು. ಅವಳು ಎಣಿಸತೊಡಗಿದಳು. ಹಿಂದಿನ ಗೋಡೆಯವರೂ ಜೊತೆಗೂಡಿ ಗಟ್ಟಿಯಾಗಿ ಎಣಿಸಿದರು. ಹೋಟೆಲಿನ ಅತಿಥಿಯೊಬ್ಬ, ಏನು ನಡೆಯುತ್ತಿದೆಯೆಂದು ತಿಳಿಯದವನು, ತಾನೂ ಖುಷಿಯಿಂದ ಎಣಿಸಿದ.

ಇಪ್ಪತ್ತಕ್ಕೆ ಇಸ್ತ್ರಿ ಎತ್ತಿದಳು, ಬಟ್ಟೆ ಸರಿಸಿದಳು. ಮೂಲೆಗೆ ಉಗುರು ಹಾಕಿದಳು. ಬಾಯಿಗೆ ಬಂದ ಮೂರು ದೇವರನ್ನು ನೆನೆದು, ಮೂರನೆಯವನಿಗೆ ಒಂದು ಬೈಗುಳವನ್ನೂ ಸೇರಿಸಿ, ಎಳೆದಳು.

ಚೀಟಿ ಒಂದೇ ತುಂಡಾಗಿ ಮೇಲೆದ್ದು ಬಂತು.

ಕೆಳಗೆ, ಮೂಲ ಹಾಳೆಯ ಮೇಲೆಯೇ, ಊರಿತ್ತು. ಬೂದುಬಣ್ಣದ ಪುಟ್ಟ ಪುಟ್ಟ ಚೌಕಗಳು, ಸಾಲಿಗೆ ಹತ್ತು, ನಾಲ್ಕು ಸಾಲು. ಪ್ರತಿಯೊಂದರ ಮೇಲೂ ಸಣ್ಣಕ್ಷರದಲ್ಲಿ ಮೆಕ್ಸಿಕನ್ನರ ಮನೆ, ಮಣ್ಣಿನದು ಎಂದು ಬರೆದಿತ್ತು. ನಡುವೆ ಒಂದು ದುಂಡು ಗುರುತು, ಬಾವಿ. ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಕತ್ತರಿ ಗುರುತು: ರೊಟ್ಟಿ ಒಲೆ, ಬೆಂಕಿಯ ಬಗ್ಗೆ ಎಚ್ಚರ.

ಎಪ್ಪತ್ತು ವರ್ಷದ ಹಿಂದೆ ಯಾವನೋ ಕೊಡೆಯವನು ಬಿಸಿಲಲ್ಲಿ ನಿಂತು ತಮ್ಮವರ ಗೋಡೆಗಳನ್ನು ಒಂದೊಂದಾಗಿ ಅಳೆದಿದ್ದ. ಅಷ್ಟಕ್ಕೇ ಕೂಕಾಳಿಗೆ ಅಳು ಬಂತು, ಅಳುತ್ತಲೇ ನಗು ಬಂತು.

"ಸಾವಿರದೆಂಟುನೂರ ತೊಂಬತ್ತೊಂಬತ್ತು," ತೇಯೋ ನಕ್ಷೆಯ ತಲೆಬರಹವನ್ನು ಬೆರಳಿಟ್ಟು ಓದಿದ. "ಕಾಲ್ಡರ್ ಬಂದುದ್ದು ನಾಕ್ರಲ್ಲಿ. ಲೆಕ್ಕ ಯಾರಾರ ಓದ್ದೋರು ಹೇಳ್ರಪ್ಪ, ಯಾರು ಮೊದ್ಲು?"

ಲೇಥ್ರಪ್ ಎದ್ದು ನಿಂತಿದ್ದ. "ಸಭೆ ಮುಂದೂಡಿದೆ. ಸಾರ್ವಜನಿಕ ಆಸ್ತಿ ಹಾಳು ಮಾಡಿದ್ದಕ್ಕೆ ಆ ಹೆಂಗಸನ್ನ ಬಂಧಿಸಿ." ಇಷ್ಟು ಹೇಳಿ ಹಿಂಬಾಗಿಲಿನಿಂದ ಹೊರಟುಹೋದ. ತೀರ್ಪಿನ ಮಾತನ್ನು ಎತ್ತಲೇ ಇಲ್ಲ.

ಚೋನಾ ದೊಡ್ಡವ್ವ ಯಾರ ಅಪ್ಪಣೆಗೂ ಕಾಯದೆ ಕೋಲೂರಿಕೊಂಡು ಬಂದಳು. ಮುಟ್ಟಬಾರದು ಎಂಬ ಹಲಗೆಯನ್ನು ಕೋಲಿನಿಂದಲೇ ಪಕ್ಕಕ್ಕೆ ತಳ್ಳಿ, ಕೆಂಪು ಕತ್ತರಿ ಗುರುತಿನ ಮೇಲೆ ತೋರುಬೆರಳು ಇಟ್ಟಳು.

"ಇಕಾ, ಇದು ನಮ್ಮವ್ವ," ಎಂದಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬ. ಯಾರೂ ಹೇಳದೆಯೇ ಸಾಲು ಬೆಳೆಯಿತು. ಒಬ್ಬೊಬ್ಬರೂ ತಮ್ಮ ಮನೆಯ ಚೌಕ ಹುಡುಕಿ ಬೆರಳಿಡುತ್ತಿದ್ದರು. ಸಿಗದವರಿಗೆ ಪಕ್ಕದ ಮನೆಯವರು ತೋರಿಸಿಕೊಡುತ್ತಿದ್ದರು. ಒಬ್ಬ ತನ್ನ ಚೌಕ ನೆರೆಯವನದಕ್ಕಿಂತ ಚಿಕ್ಕದೆಂದು ಜಗಳವನ್ನೇ ತೆಗೆದ.

ಕೂಕಾ ಚೀಟಿ ಹಿಡಿದು ಪ್ರೂವಿಟ್ಟನ ಮುಂದೆ ನಿಂತಳು. ಅವನ ಮುಖ ಕೆಂಪಾಗಿತ್ತು, ಟೈಯವರೆಗೂ ಬೆವರು ಇಳಿದಿತ್ತು. ಸಿಟ್ಟು ಇತ್ತು, ಭಯ ಇತ್ತು. ಆಶ್ಚರ್ಯ ಮಾತ್ರ ಇರಲಿಲ್ಲ. ಹುಡುಕಿ ನೋಡಿದಳು, ಎಲ್ಲೂ ಇರಲಿಲ್ಲ.

"ನಿಮ್ಗೆ ಗೊತ್ತಿತ್ತು," ಎಂದಳು.

ಅವಳು ಅವನ ಕೈ ಹಿಡಿದು, ಅಂಗೈ ಬಿಡಿಸಿ, ಒದ್ದೆಯಾಗಿ ಜೋತುಬಿದ್ದಿದ್ದ ಬಿಳಿ ಕಾಗದವನ್ನು ಅದರ ಮೇಲಿಟ್ಟಳು.

"ತಗಳಿ ಸಾಮಿ, ನಿಮ್ಮ ಖಾಲಿ ಜಾಗ. ಇದ್ರ ಮ್ಯಾಲೆ ಎಷ್ಟ್ ಕಾರ್ ನಿಲ್ತವೋ ನಿಲ್ಸ್ಕಳಿ."

ಆಮೇಲೆ ಅವಳು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ತನ್ನ ಮನೆಯನ್ನು ಅವಳಿನ್ನೂ ಮುಟ್ಟಿರಲಿಲ್ಲ. ಅವಳ ಹಿಂದೆ, ಕೊನೆಗೂ ಲೋಟಗಳನ್ನು ನೆಲದ ಮೇಲಿಟ್ಟು ಕೈಕೋಳ ಹಿಡಿದುಕೊಂಡಿದ್ದ ಪೋಲೀಸಿನವನೂ ಬಂದು ಸಾಲಿನಲ್ಲಿ ನಿಂತ.