ಅಕ್ಕನಿಗೆ ತಂದ ಪುಸ್ತಕ

ನಾವಿದ್ದ ಆಗಿನ ಕೃಷ್ಣಮೂರ್ತಿಪುರಂ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಂಜೆಯಾದರೆ ಬೀದಿಯುದ್ದಕ್ಕೂ ಕಾಫಿಬೀಜ ಹುರಿಯುವ ವಾಸನೆ, ಜಟಕಾ ಕುದುರೆಯ ಗೊರಸಿನ ಸದ್ದು, ಜಗಲಿಯ ಮೇಲೆ ಹೆಂಗಸರ ಹರಟೆ. ಆ ಹರಟೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನನ್ನ ಅಕ್ಕ ಸಿದ್ದಲಿಂಗಮ್ಮ. ಐವತ್ತೇಳರ ಮಳೆಗಾಲದಲ್ಲಿ ಅವಳ ಒಬ್ಬಳೇ ಮಗಳು, ನಮ್ಮ ಪುಟ್ಟ ಪ್ರೇಮಲೀಲಾ, ವಿಷಮಶೀತ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಅಕ್ಕ ಜಗಲಿಗೆ ಬರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಯಾರೂ ಅನ್ನ ಮುಟ್ಟುವಂತಿಲ್ಲ. ಮನೆಯಲ್ಲಿ ಸಾವಾದರೂ ಪೂಜೆ ತಪ್ಪಿಸುವಂತಿಲ್ಲ. ಅಕ್ಕ ಪೂಜೆ ಬಿಟ್ಟಳು. ಪೂಜೆಯಿಲ್ಲವೆಂದು ಅನ್ನವನ್ನೂ ಬಿಟ್ಟಳು. ಬರೀ ನೀರು ಕುಡಿದುಕೊಂಡು ಮೂಲೆಯಲ್ಲಿ ಮಲಗಿರುತ್ತಿದ್ದಳು. ಹೀಗೇ ಬಿಟ್ಟರೆ ಮಗಳ ಹಿಂದೆಯೇ ಇವಳೂ ಹೋಗುತ್ತಾಳೆಂದು ಡಾಕ್ಟರು ಹೇಳಿಹೋದರು.

ಭಾವ ಸದಾಶಿವಯ್ಯನವರು ಸ್ಕೂಲು ಮೇಷ್ಟರು. ಹೆಂಡತಿಯ ಪಕ್ಕ ಕೂತು ವೈರಾಗ್ಯದ ಒಂದು ದಪ್ಪ ಪುಸ್ತಕ ಓದುತ್ತಿದ್ದರು. ಬಾಳು ನೀರ ಮೇಲಿನ ಗುಳ್ಳೆಯಂತೆ, ಅಳುವುದು ಅಜ್ಞಾನವಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಕು ನಿಲ್ಸಿ ಭಾವ! ಹೆತ್ತೋಳ ಮುಂದೆ ಗುಳ್ಳೆ ಗಿಳ್ಳೆ ಅಂತೀರಲ್ಲ!"

ಪಾಪ, ಅವರ ಕಣ್ಣಲ್ಲೂ ನೀರು. "ಇನ್ನೇನು ಓದ್ಲಮ್ಮ ಮಂಜುಳಾ? ದೇವರ ಮೇಲೆ ಇವಳಿಗೆ ನಂಬಿಕೆ ಬರೋ ಅಂಥದ್ದು ನೀನೇ ಏನಾದ್ರೂ ಹುಡುಕಿ ತಾ" ಎಂದರು.

ದೊಡ್ಡ ಗಡಿಯಾರದ ಹತ್ತಿರ ಚೆಲುವಯ್ಯನವರ ಪುಸ್ತಕದಂಗಡಿ ಇತ್ತು. ಅಲ್ಲಿನ ಹಳೆ ಕಾಗದದ ವಾಸನೆ ಈಗ ಎಲ್ಲಿ ಹುಡುಕಿದರೂ ಸಿಗದು. ಅಕ್ಕನ ಸಂಗತಿ ಹೇಳಿದೆ. ಚೆಲುವಯ್ಯ ಸಮಾಧಾನದ ಪುಸ್ತಕ, ಶಾಂತಿಯ ಪುಸ್ತಕ ಅಂತ ಒಂದೊಂದಾಗಿ ಮುಂದಿಟ್ಟರು. ಯಾವುದನ್ನು ತೆರೆದರೂ ಅದೇ ಗುಳ್ಳೆ.

"ಅಕ್ಕಾರ್ಗೆ ನಂಬ್ಕೆ ಪೂರ್ತಿ ಹೊಂಟೋಗ್ಬುಟ್ಟದಾ ತಾಯಿ?" ಎಂದು ಕೇಳಿದರು.

"ಹೂಂ ಕಣ್ರೀ. ಪೂಜೆ ಮಾಡಲ್ಲ. ಪೂಜೆ ಮಾಡ್ದೆ ಉಣ್ಣಬಾರ್ದು ಅಂತ ಅನ್ನಾನೂ ಮುಟ್ಟಲ್ಲ..."

ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಅಲ್ಲ, ನಂಬಿಕೆಯೇ ಹೋಗಿದ್ದರೆ ಇವಳು ಉಂಡುಬಿಡಬಹುದಿತ್ತಲ್ಲ! ಯಾರಿಗೋಸ್ಕರ ಈ ಉಪವಾಸ? ಅಕ್ಕ ಸಿಟ್ಟಿನಿಂದ ಶಿವನ ಜೊತೆ ಮಾತು ಬಿಟ್ಟಿದ್ದಾಳೆ, ಅಷ್ಟೇ.

"ದೇವರನ್ನ ಬೈಯೋ ಪುಸ್ತಕ ಇದ್ಯಾ?" ಎಂದೆ.

"ಶಿವ ಶಿವಾ! ಏನಮ್ಮಾ ಇಂಗಂತೀರಿ!" ಎಂದು ಚೆಲುವಯ್ಯ ಕೆನ್ನೆ ಬಡಿದುಕೊಂಡರು. ಆದರೂ ಮೇಲಿನ ಹಲಗೆಯಿಂದ ನಿಂದಾಸ್ತುತಿಯ ತೆಳ್ಳನೆಯ ಪುಸ್ತಕವೊಂದನ್ನು ಇಳಿಸಿಕೊಟ್ಟರು. ಅದರಲ್ಲಿದ್ದದ್ದು ಭಕ್ತರು ಸಲಿಗೆಯಿಂದ ಶಿವನನ್ನೇ ಬೈದು ಹಾಡಿದ ಪದಗಳು.

ಮರುದಿನ ಬೆಳಿಗ್ಗೆ ಅಕ್ಕನ ಪಕ್ಕ ಕೂತು ಓದಿದೆ. ಶಿವ ತಿರುಕನಂತೆ, ಮನೆಮಠವಿಲ್ಲದವನಂತೆ, ಬೂದಿ ಬಳಿದುಕೊಂಡು ಅಲೆಯುವವನಿಗೆ ಸಂಸಾರಸ್ಥರ ಗೋಳು ಏನು ತಿಳಿಯುತ್ತದಂತೆ. ಅಕ್ಕ ಕಣ್ಣು ಬಿಟ್ಟಳು.

"ಇಷ್ಟೇನಾ ಬೈದಿರೋದು?"

"ಇಷ್ಟೇ ಕಣಕ್ಕ."

"ಇವರ್ಯಾರೂ ಮಗೂನ ಮಣ್ಣಿಗಿಟ್ಟು ಬಂದೋರಲ್ಲ ಬುಡು" ಎಂದು ಗೋಡೆ ಹಿಡಿದು ಎದ್ದಳು.

ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತಳು. "ನನ್ನ ಕೂಸು ನಿಂಗೇನೋ ಮಾಡಿತ್ತು? ಮೂರು ಕಣ್ಣಿದ್ದೂ ಕುರುಡನೇನೋ ನೀನು?" ಬೀದಿಗೆಲ್ಲ ಕೇಳುವಂತೆ ಬೈದಳು, ಅತ್ತಳು, ಮತ್ತೆ ಬೈದಳು. ಭಾವ ತಡೆಯಲು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನಗೂ ಅಳು ತಡೆಯಲಾಗಲಿಲ್ಲ.

ಗಂಟಲು ಕಟ್ಟಿದ ಮೇಲೆ ಅಕ್ಕ ಲಿಂಗಕ್ಕೆ ಪತ್ರೆ ಏರಿಸಿದಳು. ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಸೀದಾ ಅಡುಗೆಮನೆಗೆ ಬಂದಳು.

"ಅನ್ನ ಹಾಕೇ ಮಂಜು. ಅವನಿಗೆ ಹೇಳೋದು ಇನ್ನೂ ಬೇಕಾದಷ್ಟಿದೆ. ನಾಳೆಗೆ ಶಕ್ತಿ ಬೇಕಲ್ಲ."