ಐದನೆಯ ಬೀಳ್ಕೊಡುಗೆಯ ಕೇಕ್

ನಾನು ಮೂರು ದಿನ ಜ್ವರ ಬಂದು ಮಲಗಿದ್ದಕ್ಕೆ ಜರ್ಮನಿಯ ಲಿಫ್ಟುಗಳೆಲ್ಲ ನಿಂತಲ್ಲೇ ನಿಂತುಬಿಟ್ಟವು. ಆರನೇ ಮಹಡಿಯ ಮುದುಕರಿಗೆ ಅಗ್ನಿಶಾಮಕ ದಳದವರು ಪೈಪಿನಲ್ಲಿ ಬಿಸಿ ಸೂಪು ಹಾರಿಸಿ ಜೀವ ಉಳಿಸಬೇಕಾಯಿತು. ನಂಬದವರು ನಮ್ಮೂರಿಗೆ ಬಂದು ಕಿಟಕಿಗಳಿಗೆ ಅಂಟಿರುವ ಆಲೂಗಡ್ಡೆ ಚೂರುಗಳನ್ನು ನೋಡಬಹುದು.

ನನ್ನ ಹೆಸರು ಲೋಟಾರ್ ಝೈಡ್ಲರ್. ವಯಸ್ಸು ಅರವತ್ತೊಂಬತ್ತು, ಲಿಫ್ಟ್ ರಿಪೇರಿ ಕೆಲಸ. ಥುರಿಂಗಿಯಾ ಪ್ರಾಂತ್ಯದ ನಮ್ಮೂರಿನಲ್ಲಿ ನಾನೇ ತರುಣ. ಇಲ್ಲಿಯ ಶಿಶುವಿಹಾರ ವೃದ್ಧಾಶ್ರಮವಾದಾಗ ಬದಲಾದದ್ದು ಬೋರ್ಡು ಮಾತ್ರ. ಮಧ್ಯಾಹ್ನದ ನಿದ್ದೆ, ಹಿಸುಕಿದ ಕ್ಯಾರೆಟ್ಟು ಹಾಗೆಯೇ ಉಳಿದವು. ಕೆಲಸಗಾರರ ಬರ ಎಂಥದ್ದೆಂದರೆ, ಬ್ರೆಡ್ ಕೊಳ್ಳಲು ಹೋದವರಿಗೆ ಬೇಕರಿಯವನು ಮೊದಲು ಏಪ್ರನ್ ತೊಡಿಸುತ್ತಾನೆ.

ಇಂಥ ಊರು ನನ್ನನ್ನು ನಿವೃತ್ತನಾಗಲು ಬಿಟ್ಟೀತೇ? ನಾಲ್ಕು ಸಲ ನಿವೃತ್ತನಾದೆ. ನಮ್ಮಲ್ಲಿ ಕೆಲಸ ಬಿಡುವವನೇ ಎಲ್ಲರಿಗೂ ಕೇಕ್ ತರುವುದು ರೂಢಿ, ಹಾಗಾಗಿ ನಾಲ್ಕು ಸಲವೂ ನನ್ನ ಹೆಂಡತಿ ರೋಸ್ವಿತಾ ಪ್ಲಮ್ ಕೇಕ್ ಮಾಡಿಕೊಟ್ಟಳು, ಬಾಲ್ಟಿಕ್ ಸಮುದ್ರ ನೋಡಲು ಎರಡು ಟಿಕೆಟ್ ತೆಗೆಸಿದಳು. ನಾಲ್ಕು ಸಲವೂ ಸೋಮವಾರ ಬೆಳಿಗ್ಗೆ ಮಾಲೀಕ ವೆರ್ನಿಕೆ ಫೋನಿನಲ್ಲಿ ಗೋಳೋ ಎಂದು ಅತ್ತ. ಅವನ ಕಣ್ಣೀರು ನನ್ನ ಕಿವಿಯಿಂದ ತೊಟ್ಟಿಕ್ಕಿತು. ಟಿಕೆಟ್ ರದ್ದಾಯಿತು.

ಐದನೆಯ ಸಲ ರೋಸ್ವಿತಾ ಕೇಕನ್ನು ನನ್ನ ಕೈಗೆ ಕೊಡಲಿಲ್ಲ.

"ನಾನೇ ತರ್ತೀನಿ. ಆ ವೆರ್ನಿಕೆ ಅಳೋದಾದ್ರೆ ನನ್ನೆದುರಿಗೇ ಅಳ್ಲಿ. ಈ ಶನಿವಾರ ನೀನು ಸಮುದ್ರಕ್ಕೆ ಬರ್ಲಿಲ್ಲ ಅಂದ್ರೆ ಲೋಟಾರ್, ನಾನೊಬ್ಳೇ ಹೋಗ್ತೀನಿ. ವಾಪಸ್ ಟಿಕೆಟ್ಟೂ ತೆಗೆಸಲ್ಲ."

ವರ್ಕ್‌ಶಾಪಿನಲ್ಲಿ ಕೇಕ್ ಇಟ್ಟವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ ವೆರ್ನಿಕೆ, ಈ ಮುದುಕನ್ನ ಇನ್ನೆಷ್ಟು ಸಲ ವಾಪಸ್ ಕರೆಸ್ಕೋತೀರಿ? ನಾಚ್ಕೆ ಆಗಲ್ವಾ?"

ವೆರ್ನಿಕೆ ಬಾಯಿಗಿಟ್ಟ ಕೇಕನ್ನು ಗುಳುಕ್ಕನೆ ನುಂಗಿದ. "ನಾನಾ? ಪ್ರತಿ ಸಲ ಇವ್ರೇ ಫೋನ್ ಮಾಡ್ತಾರಲ್ಲ ಮೇಡಂ! ಸೋಮವಾರ ಬೆಳಿಗ್ಗೆ ಏಳಕ್ಕೇ!"

ಸಿರಿಯಾದಿಂದ ಬಂದ ರಝಾನ್ ಪಕ್ಕದಲ್ಲೇ ಇದ್ದಳು. ಅವಳಿಗೆ ಕೆಲಸ ಕಲಿಸಿದವನು ನಾನು. ಕಣ್ಸನ್ನೆ ಮಾಡಿದೆ. "ನೀನಾದ್ರೂ ಹೇಳಮ್ಮ, ನಾನಿಲ್ದೆ ಒಂದು ಲಿಫ್ಟಾದ್ರೂ ಓಡುತ್ತಾ?"

"ಓಡುತ್ತಲ್ಲ ಅಜ್ಜ. ನೀವು ಸ್ಪ್ಯಾನರ್ ಮುಟ್ಟಿ ಎರಡು ವರ್ಷ ಆಯ್ತು," ಎಂದಳು ರಝಾನ್. "ಆದ್ರೂ ನೀವು ಬಂದ್ರೆ ಒಳ್ಳೇದೇ. ರಿಪೇರಿಗೆ ಹೋದಲ್ಲೆಲ್ಲ ಅಜ್ಜಿಯರು ಮಂಡಿನೋವಿನ ಕಥೆ ಶುರು ಮಾಡಿದ್ರೆ ನನ್ನ ಕೆಲ್ಸ ಸಾಗಲ್ಲ. ನೀವು ಕಾಫಿ ಕುಡೀತಾ ಹ್ಞೂಂ ಅಂತಿದ್ರೆ ಅರ್ಧ ಗಂಟೇಲಿ ಮುಗಿಸಿಬಿಡ್ತೀನಿ."

ಎಲ್ಲರೂ ನಕ್ಕರು. ರೋಸ್ವಿತಾ ನಗಲಿಲ್ಲ.

"ಊರೋರ ಮಂಡಿನೋವು ಕೇಳೋಕೆ ನನ್ನ ಸಮುದ್ರ ತಪ್ಪಿಸಿದ್ಯಾ? ನನಗೂ ಎರಡು ಮಂಡಿ ಇದಾವೆ."

ದೊಡ್ಡದೊಂದು ಸುಳ್ಳಿಗಾಗಿ ಬಾಯಿ ತೆರೆದೆ. ಬರಲಿಲ್ಲ.

"ಫೋನ್ ಮಾಡಿದ್ದು ನಾನೇ ರೋಸಿ. ನಾಲ್ಕು ಸಲಾನೂ. ಯಾರೂ ಅಳ್ಲಿಲ್ಲ. ನಾನು ಜ್ವರ ಬಂದು ಮಲಗಿದ್ದ ಆ ಮೂರು ದಿನ ಲಿಫ್ಟೂ ನಿಂತಿರ್ಲಿಲ್ಲ. ನಾನು ಬಂದಿಲ್ಲ ಅನ್ನೋದೇ ಇಲ್ಲಿ ಯಾರಿಗೂ ಗೊತ್ತಾಗಿರ್ಲಿಲ್ಲ. ಅದಕ್ಕೇ ಹೆದರಿಬಿಟ್ಟೆ... ಶನಿವಾರ ರೈಲು ಎಷ್ಟೊತ್ತಿಗೆ?"